ಹಿಂಗಾಜಿನ ಹಳದಿ ಕಲೆ

ಕಾರಿನ ಹಿಂದಿನ ಗಾಜಿನಲ್ಲಿ ಅಡ್ಡಡ್ಡಲಾಗಿ ಓಡುವ ತೆಳು ಗೆರೆಗಳನ್ನು ನಾವೆಲ್ಲ ನೋಡಿರುತ್ತೇವೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯನ್ನೋ ಮಡಿಕೇರಿಯ ದಾರಿಯನ್ನೋ ಹತ್ತುವಾಗ ಒಳಗೆ ಕುಳಿತವರ ಉಸಿರಿಗೆ ಗಾಜು ಮಬ್ಬಾಗುತ್ತದೆ. ಗಾಡಿ ಓಡಿಸುವವರು ಒಂದು ಗುಂಡಿ ಒತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಗೆರೆಗಳ ಸುತ್ತಲಿನ ಮಬ್ಬು ಕರಗಿ, ಗಾಜು ಪಟ್ಟೆಪಟ್ಟೆಯಾಗಿ ತಿಳಿಯಾಗುತ್ತಾ ಬರುತ್ತದೆ. ಡಿಫಾಗರ್ ಎಂದು ಕರೆಯುವ ಈ ಏರ್ಪಾಡಿನಲ್ಲಿ ಗೆರೆಗಳೆಲ್ಲ ಗಾಜಿನ ಎರಡು ಬದಿಗಳಲ್ಲಿರುವ ಅಗಲವಾದ ಪಟ್ಟಿಗಳಿಗೆ ಸೇರುತ್ತವೆ. ಆ ಪಟ್ಟಿಗೆ ಬೆಸುಗೆ ಹಾಕಿದ ಪುಟ್ಟ ಲೋಹದ ತುಂಡಿಗೆ ಬ್ಯಾಟರಿಯ ಕಡೆಯ ತಂತಿ ಬಂದು ಕೂಡುತ್ತದೆ. ಗಾಡಿಯಿಂದ ಇಳಿದು ಹೊರಗಿನಿಂದ ಆ ಜಾಗವನ್ನು ನೋಡಿದರೆ, ಮುಖ್ಯವಾಗಿ ಹಳೆಯ ಕಾರುಗಳಲ್ಲಿ, ಅಲ್ಲೊಂದು ಬಣ್ಣ ಕಾಣುತ್ತದೆ. ಜೇನಿನ ಹಳದಿ, ಕೆಲವೊಮ್ಮೆ ಬೆಲ್ಲದ ಪಾಕದಂಥ ಕಂದು.

ಹಳೆಯ ಕಾರು ಕೊಳ್ಳಲು ಹೋದವರಿಗೆ ಇದು ಸುಟ್ಟ ಗುರುತಿನಂತೆ ತೋರುತ್ತದೆ. ವೈರಿಂಗ್ ಕೆಟ್ಟಿದೆಯೇನೋ ಎಂಬ ಗುಮಾನಿ ಹುಟ್ಟುತ್ತದೆ, ಬೆಲೆ ಇಳಿಸುವ ಮಾತೂ ಬರುತ್ತದೆ. ಮಾರುವವರು ಬಟ್ಟೆಯಿಂದ ಉಜ್ಜಿ ನೋಡುತ್ತಾರೆ, ಹೋಗುವುದಿಲ್ಲ. ನಾನು ಈ ಬಣ್ಣದ ಹಿಂದೆ ಬಿದ್ದದ್ದು ಗಾಡಿಯ ಆಸಕ್ತಿಯಿಂದಲ್ಲ, ಇತಿಹಾಸದ ಆಸಕ್ತಿಯಿಂದ. ಯೂರೋಪಿನ ಚರ್ಚುಗಳ ಬಣ್ಣದ ಕಿಟಕಿಗಳಲ್ಲಿ ಸಂತರ ತಲೆಗೂದಲು, ರಾಜರ ಕಿರೀಟ, ದೇವದೂತರ ರೆಕ್ಕೆಯ ಅಂಚು ಹೊಳೆಯುವುದು ಯಾವ ಹಳದಿಯಿಂದಲೋ, ಕಾರಿನ ಗಾಜಿನ ಮೇಲಿರುವುದೂ ಅದೇ ಹಳದಿ. ಹೋಲಿಕೆಯ ಮಾತಲ್ಲ ಇದು. ಎರಡೂ ಕಡೆ ಅದೇ ಲೋಹ, ಅದೇ ಕುಲುಮೆಯ ಶಾಖ, ಅದೇ ರಸಾಯನ. ಒಂದು ಕಡೆ ಅದಕ್ಕೆ ನೂರಾರು ವರ್ಷಗಳ ಗೌರವವಿದೆ, ಇನ್ನೊಂದು ಕಡೆ ಅದು ದೋಷ.

ಎಲ್ಲ ಕಲೆಗಳೂ ಒಂದೇ ಅಲ್ಲ ಎಂಬುದನ್ನು ಮೊದಲೇ ಹೇಳಬೇಕು. ಬೆಳ್ಳಿಯ ಕಾಲ್ಗೆಜ್ಜೆಯೋ ದೇವರ ದೀಪವೋ ಕಪ್ಪಾಗುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಮೇಲ್ಮೈಗೆ ಕೂಡಿ ಆಗುವ ಕಪ್ಪು ಅದು. ಡಿಫಾಗರಿನ ಗೆರೆಗಳೂ ಬೆಳ್ಳಿಯವೇ ಆದ್ದರಿಂದ ಒಳಗಿನಿಂದ ನೋಡಿದಾಗ ಅಂಥ ಕಪ್ಪು ಕಾಣಬಹುದು. ಇನ್ನೊಂದು ನಿಜವಾಗಿಯೂ ಕಾದು ಆಗುವ ಕಲೆ. ಎಲ್ಲ ಗೆರೆಗಳ ವಿದ್ಯುತ್ತೂ ಒಂದೇ ಸಣ್ಣ ಬೆಸುಗೆಯ ಮೂಲಕ ಹಾಯಬೇಕು. 12 ವೋಲ್ಟಿನ ಬ್ಯಾಟರಿಯಿಂದ ಹತ್ತು, ಹದಿನೈದು ಆಂಪಿಯರ್‌ನಷ್ಟು ಕರೆಂಟು ಅಲ್ಲಿ ಹರಿಯುತ್ತದೆ. ಬೆಸುಗೆ ಸಡಿಲವಾದರೆ ತಡೆ ಹೆಚ್ಚಿ ಆ ಜಾಗವಷ್ಟೇ ಕಾಯುತ್ತದೆ, ಸುತ್ತ ಕಂದುಗಟ್ಟುತ್ತದೆ. ಇದು ರಿಪೇರಿ ಮಾಡಿಸಬೇಕಾದ ಸಂಗತಿ. ಮೂರನೆಯದು ಹೊರಗಿನಿಂದ ಮಾತ್ರ ಚೆನ್ನಾಗಿ ಕಾಣುವ, ಪಾರದರ್ಶಕವಾದ, ಗೆರೆ ಮತ್ತು ಪಟ್ಟಿಯ ಆಕಾರವನ್ನೇ ಹಿಡಿದು ನಿಂತ ಹಳದಿ. ಅದು ಕಾರು ರಸ್ತೆಗೆ ಇಳಿಯುವ ಮೊದಲೇ, ಗಾಜಿನ ಕಾರ್ಖಾನೆಯ ಕುಲುಮೆಯಲ್ಲಿ ಹುಟ್ಟಿದ್ದು. ನನ್ನ ಕಥೆ ಈ ಮೂರನೆಯದರದ್ದು.

ಡಿಫಾಗರಿನ ಗೆರೆಗಳು ತಂತಿಗಳಲ್ಲ, ಅಚ್ಚು ಹಾಕಿದವು. ನುಣ್ಣನೆಯ ಬೆಳ್ಳಿಯ ಪುಡಿ, ಬೇಗ ಕರಗುವ ಗಾಜಿನ ಪುಡಿ, ಇವೆರಡನ್ನೂ ಹಿಡಿದಿಡುವ ಎಣ್ಣೆಯಂಥ ದ್ರವ ಸೇರಿಸಿ ಒಂದು ಮುದ್ದೆ ಮಾಡುತ್ತಾರೆ. ಲಗ್ನಪತ್ರಿಕೆಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಹಾಗೆಯೇ ಜಾಲರಿಯ ಮೂಲಕ ಅದನ್ನು ಚಪ್ಪಟೆ ಗಾಜಿನ ಮೇಲೆ ಒತ್ತುತ್ತಾರೆ. ಒಣಗಿದ ಮೇಲೆ ಗಾಜು ಕುಲುಮೆಗೆ ಹೋಗುತ್ತದೆ. ಸುಮಾರು 600ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಾಜು ಮೆತ್ತಗಾಗಿ ಕಾರಿನ ಆಕಾರಕ್ಕೆ ಬಾಗುತ್ತದೆ, ಬೆಳ್ಳಿ ಗಾಜಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಗಾಳಿಯ ರಭಸಕ್ಕೆ ಒಡ್ಡಿ ತಟ್ಟನೆ ತಣ್ಣಗಾಗಿಸಿ ಗಾಜನ್ನು ಗಟ್ಟಿ ಮಾಡುತ್ತಾರೆ. ಆ ಕೆಲವೇ ನಿಮಿಷಗಳ ಬಿಸಿಯಲ್ಲಿ ಬೆಳ್ಳಿಯೆಲ್ಲ ಮೇಲೆಯೇ ಉಳಿಯುವುದಿಲ್ಲ. ಒಂದಿಷ್ಟು ಗಾಜಿನ ಒಳಕ್ಕೆ ಇಳಿಯುತ್ತದೆ. ಬೆಸುಗೆಗೆಂದು ಬಿಟ್ಟ ಅಗಲವಾದ ಪಟ್ಟಿಯಲ್ಲಿ ಬೆಳ್ಳಿ ಹೆಚ್ಚು, ಆದ್ದರಿಂದಲೇ ಹೊರಗಿನಿಂದ ನೋಡುವವರ ಕಣ್ಣಿಗೆ ಮೊದಲು ಬೀಳುವುದು ಆ ಜಾಗದ ಹಳದಿ.

ಬೆಳ್ಳಿ ಗಾಜಿನೊಳಗೆ ಇಳಿದು ಹಳದಿಯಾಗುತ್ತದೆ ಎಂಬುದು ಎಷ್ಟು ಹಳೆಯ ತಿಳಿವಳಿಕೆ? ಇದಕ್ಕೆ ಉತ್ತರ ಹುಡುಕಿಕೊಂಡು ಹೋದರೆ ಕೈರೋ ನಗರದ ಹಳೆಯ ಭಾಗವಾದ ಫುಸ್ತಾತ್‌ಗೆ ಹೋಗಿ ನಿಲ್ಲುತ್ತೇವೆ. ಅರಬರು ಈಜಿಪ್ಟಿನಲ್ಲಿ ಕಟ್ಟಿದ ಮೊದಲ ರಾಜಧಾನಿ ಅದು. 1965ರಲ್ಲಿ ಜಾರ್ಜ್ ಸ್ಕ್ಯಾನ್ಲನ್ ಅವರ ತಂಡ ಅಲ್ಲಿ ಉತ್ಖನನ ನಡೆಸುವಾಗ ಗಾಜಿನ ಒಂದು ಬಟ್ಟಲು ಸಿಕ್ಕಿತು. ಅದರ ಮೇಲಿನ ಚಿತ್ರ, ಬರಹ ಕುಂಚದಿಂದ ಬಿಡಿಸಿದಂತಿದ್ದರೂ ಬಳಿದ ಬಣ್ಣದ ಹಾಗೆ ಮೇಲೆ ಕೂತಿಲ್ಲ, ಗಾಜಿಗೇ ಹಿಡಿದುಕೊಂಡಿದೆ. ಬೆಳ್ಳಿ ಅಥವಾ ತಾಮ್ರದ ಅಂಶವಿರುವ ಲೇಪದಿಂದ ಬರೆದು ಸುಟ್ಟು ಮಾಡುವ ಈ ವಿಧಾನಕ್ಕೆ ಲಸ್ಟರ್ ಎಂಬ ಹೆಸರಿದೆ. ಆ ಬಟ್ಟಲಿನ ಬರಹದಲ್ಲಿ ಅಬ್ದ್ ಅಲ್-ಸಮದ್ ಇಬ್ನ್ ಅಲಿ ಎಂಬ ಹೆಸರಿದೆ. ಅಬ್ಬಾಸಿ ಖಲೀಫ ಅಲ್-ಮನ್ಸೂರನ ಚಿಕ್ಕಪ್ಪನಾದ ಈತ 773ರಲ್ಲಿ ಬಹಳ ಸ್ವಲ್ಪ ಕಾಲ ಈಜಿಪ್ಟಿನ ಆಡಳಿತಗಾರನಾಗಿದ್ದ. ಹಾಗಾಗಿ ಬಟ್ಟಲಿನ ಕಾಲವೂ ನಮಗೆ ಗೊತ್ತಾಗಿದೆ. ಅಂದರೆ ಎಂಟನೆಯ ಶತಮಾನದ ಹೊತ್ತಿಗೇ ಈಜಿಪ್ಟ್ ಮತ್ತು ಸಿರಿಯಾದ ಗಾಜುಗಾರರು ಲೋಹವನ್ನು ಗಾಜಿನೊಳಕ್ಕೆ ಇಳಿಸಿ ಬಣ್ಣ ತರಿಸುತ್ತಿದ್ದರು. ಎಷ್ಟು ಲೇಪ, ಎಷ್ಟು ಬಿಸಿ, ಎಷ್ಟು ಹೊಗೆ ಎಂಬ ಲೆಕ್ಕ ಅವರ ಕೈಗೆ ಹತ್ತಿತ್ತು. ಜಾಬಿರ್ ಇಬ್ನ್ ಹಯ್ಯಾನ್ ಹೆಸರಿನಲ್ಲಿ ಬಂದಿರುವ ಅರಬ್ಬಿ ಗ್ರಂಥವೊಂದರಲ್ಲಿ ಗಾಜಿನ ಮೇಲೆ ಲಸ್ಟರ್ ಬರೆಯುವ ವಿಧಾನಗಳ ಸಾಲೇ ಇದೆ. ಒಂಬತ್ತನೆಯ ಶತಮಾನದಲ್ಲಿ ಇದೇ ವಿದ್ಯೆಯನ್ನು ಇರಾಕಿನ ಕುಂಬಾರರು ಮಣ್ಣಿನ ಪಾತ್ರೆಗಳಿಗೂ ಒಯ್ದರು.

ಯೂರೋಪಿಗೆ ಈ ಬೆಳ್ಳಿಯ ಹಳದಿ ಬಂದದ್ದು ತಡವಾಗಿ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಥಿಯೋಫಿಲಸ್ ಎಂಬ ಹೆಸರಿನ ಸನ್ಯಾಸಿಯೊಬ್ಬ ಕುಶಲಕರ್ಮಗಳ ಬಗ್ಗೆ ಒಂದು ಗ್ರಂಥ ಬರೆದ. ಗಾಜು ಕರಗಿಸುವುದು, ಕತ್ತರಿಸುವುದು, ಚಿತ್ರ ಬರೆಯುವುದು, ಸೀಸದ ಪಟ್ಟಿಯಿಂದ ಜೋಡಿಸುವುದು ಎಲ್ಲವನ್ನೂ ವಿವರವಾಗಿ ಹೇಳುವ ಆತ ಬೆಳ್ಳಿಯ ಹಳದಿಯ ಮಾತೆತ್ತುವುದಿಲ್ಲ. ಸುಮಾರು 1250ರಲ್ಲಿ ಕಾಸ್ಟೀಲ್ ರಾಜ್ಯದಲ್ಲಿ, ಮುಂದೆ ಹತ್ತನೆಯ ಆಲ್ಫೋನ್ಸೋ ಎಂದು ದೊರೆಯಾದ ರಾಜಕುಮಾರನ ಆಶ್ರಯದಲ್ಲಿ, ಯೆಹುದಾ ಮೋಸ್ಕಾ ಎಂಬ ಯಹೂದಿ ವಿದ್ವಾಂಸ ಕಲ್ಲುಗಳ ಗುಣಗಳ ಕುರಿತ ಗ್ರಂಥವೊಂದನ್ನು ಅರಬ್ಬಿಯಿಂದ ಸ್ಪ್ಯಾನಿಷಿಗೆ ತಂದ. ಗಾಜಿಗೆ ಬೆಳ್ಳಿಯಿಂದ ಹಳದಿ ಬರುವ ವಿಷಯ ಅದರಲ್ಲಿದೆ. ಮುಂದಿನ ಎರಡು ಮೂರು ತಲೆಮಾರುಗಳಲ್ಲಿ ಫ್ರಾನ್ಸಿನ ಕಿಟಕಿಗಳಲ್ಲಿ ಹಳದಿ ಕಾಣಿಸಿಕೊಳ್ಳುತ್ತದೆ. ನಾರ್ಮಂಡಿಯ ಲ ಮೆಸ್ನಿಲ್-ವಿಲ್ಮಾನ್ ಎಂಬ ಸಣ್ಣ ಊರಿನ ಚರ್ಚಿನಲ್ಲಿ 1313ರ ಕಾಲ ನಮೂದಾಗಿರುವ ಕಿಟಕಿಯಿದೆ. ಇಂಗ್ಲೆಂಡಿನಲ್ಲಿ ಯಾರ್ಕ್ ನಗರದ ದೊಡ್ಡ ಚರ್ಚಿನಲ್ಲೂ ಹೆಚ್ಚುಕಡಿಮೆ ಅದೇ ಕಾಲದ ಉದಾಹರಣೆಯಿದೆ.

ಈ ಹಳದಿ ಬಂದದ್ದರಿಂದ ಏನು ಬದಲಾಯಿತು ಎಂದು ಈಗ ಊಹಿಸುವುದು ಕಷ್ಟ. ಅದಕ್ಕೂ ಮೊದಲು ಕಿಟಕಿಯಲ್ಲಿ ಒಂದು ಬಣ್ಣಕ್ಕೆ ಒಂದು ಗಾಜಿನ ತುಂಡು ಬೇಕಿತ್ತು. ರಾಜನ ಮುಖ ಬಿಳಿ ಗಾಜಿನದಾದರೆ ಕಿರೀಟಕ್ಕೆ ಬೇರೆ ಹಳದಿ ಗಾಜು ಕತ್ತರಿಸಿ, ನಡುವೆ ಸೀಸದ ಪಟ್ಟಿ ಹಾಕಿ ಜೋಡಿಸಬೇಕು. ಹಣೆಯ ಮೇಲೆ ದಪ್ಪ ಕಪ್ಪು ಗೆರೆ ಬಂದೇ ಬರುತ್ತಿತ್ತು. ಬೆಳ್ಳಿಯ ಲೇಪ ಕೈಗೆ ಬಂದ ಮೇಲೆ ಒಂದೇ ಬಿಳಿ ತುಂಡಿನಲ್ಲಿ ಮುಖ, ಹೊಂಗೂದಲು, ಕಿರೀಟ ಮೂರನ್ನೂ ಬರೆಯಬಹುದಾಯಿತು. ಬೆಳ್ಳಿಯ ಲವಣವನ್ನು ಕಾವಿಮಣ್ಣಿನಲ್ಲೋ ಜೇಡಿಯಲ್ಲೋ ಕಲಸಿ, ಗಾಜಿನ ಹಿಂಬದಿಗೆ, ಅಂದರೆ ಹೊರಮುಖಕ್ಕೆ ಹಚ್ಚಿ ಸುಡುತ್ತಿದ್ದರು. ತಣ್ಣಗಾದ ಮೇಲೆ ಮಣ್ಣನ್ನು ಒರೆಸಿದರೆ ಕೆಳಗೆ ಹಳದಿ. ತೆಳುವಾಗಿ ಹಚ್ಚಿದರೆ ನಿಂಬೆಯ ಬಣ್ಣ, ದಪ್ಪ ಹಚ್ಚಿ ಹೆಚ್ಚು ಸುಟ್ಟರೆ ಕಿತ್ತಳೆಯತ್ತ ವಾಲುವ ಕಂದು. ನೀಲಿ ಗಾಜಿನ ಮೇಲೆ ಹಚ್ಚಿದರೆ ಹಸಿರು, ಹಾಗಾಗಿ ನೀಲಿ ಆಕಾಶದ ತುಂಡಿನಲ್ಲೇ ಹುಲ್ಲು ಬೆಳೆಸಬಹುದಿತ್ತು. ಹದಿನೈದು, ಹದಿನಾರನೆಯ ಶತಮಾನದ ನೆದರ್ಲೆಂಡ್ಸ್ ಪ್ರದೇಶದಲ್ಲಿ ಬರಿ ಕಪ್ಪು ಗೆರೆ ಮತ್ತು ಬೆಳ್ಳಿಯ ಹಳದಿಯಿಂದಲೇ ಬರೆದ ಊಟದ ತಟ್ಟೆಯಷ್ಟಗಲದ ದುಂಡು ಗಾಜುಗಳು ಮನೆಮನೆಯ ಕಿಟಕಿಗೂ ಬಂದವು. ಇಂಗ್ಲಿಷಿನಲ್ಲಿ ಇಂಥ ಕಿಟಕಿಗಳನ್ನು ಒಟ್ಟಾಗಿ ‘ಸ್ಟೇನ್ಡ್ ಗ್ಲಾಸ್’, ಅಂದರೆ ಕಲೆ ಹಿಡಿದ ಗಾಜು ಎನ್ನುತ್ತಾರೆ. ಉಳಿದ ಬಣ್ಣಗಳು ಗಾಜು ಕರಗಿಸುವಾಗಲೇ ಬೆರೆತವು ಅಥವಾ ಮೇಲೆ ಕೂತವು. ಗಾಜಿಗೆ ನಿಜವಾಗಿ ಕಲೆಯಾಗಿ ಹಿಡಿಯುವುದು ಈ ಹಳದಿ.

ಕನ್ನಡದಲ್ಲಿ ಇದನ್ನು ಬರೆಯುವಾಗ ನನಗೆ ಒಂದು ಅನುಕೂಲವಿದೆ. ಹಿಡಿದ ಮಚ್ಚೆಯೂ ಕಲೆ, ಕಲಿತ ಕೌಶಲವೂ ಕಲೆ. ಮೂಲ ಬೇರೆಯಾದರೂ ಉಚ್ಚಾರ ಒಂದೇ. ಬೆಳ್ಳಿಯ ಹಳದಿಯ ಮಟ್ಟಿಗೆ ಈ ಎರಡು ಅರ್ಥಗಳನ್ನು ಬೇರೆ ಮಾಡುವುದು ನಾವು ನಿಂತ ಜಾಗ ಮಾತ್ರ.

ಇಷ್ಟು ಹೊತ್ತಿಗೆ ಒಂದು ದಂತಕಥೆಯ ವಿಷಯ ಹೇಳಬೇಕು, ಏಕೆಂದರೆ ಈ ಹಳದಿಯ ಬಗ್ಗೆ ಜನಪ್ರಿಯವಾಗಿ ಹೇಳುವ ಕಥೆ ಅದೇ. ಜರ್ಮನಿಯ ಉಲ್ಮ್ ಊರಿನ ಯಾಕೋಬ್ 1407ರಲ್ಲಿ ಹುಟ್ಟಿದವನು. ಇಟಲಿಗೆ ಹೋಗಿ, ಬೊಲೋನ್ಯಾ ನಗರದ ಡೊಮಿನಿಕನ್ ಮಠ ಸೇರಿ, ಗಾಜಿನ ಚಿತ್ರಗಾರನಾಗಿ ಹೆಸರಾಗಿ 1491ರಲ್ಲಿ ತೀರಿಕೊಂಡ. ಒಮ್ಮೆ ಗಾಜನ್ನು ಕುಲುಮೆಗೆ ಇಡುವಾಗ ಅವನ ತೋಳಿನ ಬೆಳ್ಳಿಯ ಗುಂಡಿ ಕಳಚಿ ಗಾಜಿನ ಮೇಲೆ ಬಿತ್ತಂತೆ. ಸುಟ್ಟು ತೆಗೆದಾಗ ಗುಂಡಿ ಬಿದ್ದ ಜಾಗ ಹಳದಿಯಾಗಿತ್ತಂತೆ. ಹೀಗೆ ಬೆಳ್ಳಿಯ ಹಳದಿ ಕಂಡುಹಿಡಿಯಲ್ಪಟ್ಟಿತು ಎಂಬುದು ಕಥೆ. ಗಾಜಿನ ಕೆಲಸಗಾರರು ಅವನನ್ನು ತಮ್ಮ ಪೋಷಕ ಸಂತನೆಂದು ನೆನೆಯುತ್ತಾರೆ.

ಚಂದದ ಕಥೆ, ಆದರೆ ತಾರೀಖುಗಳು ಒಪ್ಪುವುದಿಲ್ಲ. ನಾರ್ಮಂಡಿಯ ಆ ಕಿಟಕಿ ಯಾಕೋಬ್ ಹುಟ್ಟುವುದಕ್ಕೆ 94 ವರ್ಷ ಮೊದಲಿನದು. ಫುಸ್ತಾತ್‌ನ ಬಟ್ಟಲು 600 ವರ್ಷಕ್ಕೂ ಹಿಂದಿನದು. ಯಾಕೋಬ್ ಹುಟ್ಟುವ ಮೊದಲೇ ಇಟಲಿಯಲ್ಲಿ ಆಂತೋನಿಯೋ ದಾ ಪೀಸಾ ಎಂಬ ಗಾಜುಗಾರ ತನ್ನ ಕೈಪಿಡಿಯಲ್ಲಿ ಬೆಳ್ಳಿಯಿಂದ ಹಳದಿ ತರುವ ಕ್ರಮವನ್ನು ಬರೆದಿಟ್ಟಿದ್ದ. ಆ ಹಸ್ತಪ್ರತಿ ಇಂದಿಗೂ ಅಸ್ಸೀಸಿಯಲ್ಲಿದೆ. ದಂತಕಥೆ ಸುಳ್ಳೆಂದು ತೋರಿಸುವುದು ಕಷ್ಟದ ಕೆಲಸವಲ್ಲ. ಅದು ಯಾಕೆ ಬೇಕಾಯಿತು ಎಂಬುದು ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ.

ಆಕಸ್ಮಿಕದ ಕಥೆಗೆ ಗುರುಗಳು ಬೇಕಿಲ್ಲ. ಗುಂಡಿ ತಾನಾಗಿ ಬಿದ್ದರೆ ಡಮಾಸ್ಕಸ್ಸಿನ ಕುಲುಮೆಯೂ ಬೇಡ, ಅರಬ್ಬಿ ಗ್ರಂಥವೂ ಬೇಡ, ಅದನ್ನು ಭಾಷಾಂತರಿಸಿದ ಯಹೂದಿ ವಿದ್ವಾಂಸನೂ ಬೇಡ. ವಿದ್ಯೆ ಮಠದ ಅಂಗಳದಲ್ಲೇ, ದೈವಕೃಪೆಯಿಂದ, ಒಬ್ಬ ಸಾಧುವಿನ ಅಂಗಿಯಿಂದ ಉದುರಿತೆಂದು ನಂಬಬಹುದು. ನೂರಾರು ಜನ ಗಾಜು ಒಡೆದುಕೊಂಡು, ಬೆಳ್ಳಿ ಹಾಳು ಮಾಡಿಕೊಂಡು, ಮಗನಿಗೋ ಶಿಷ್ಯನಿಗೋ ಹದ ಹೇಳಿಕೊಟ್ಟ ದೀರ್ಘ ಕಾಲವನ್ನು ಅದು ಒಂದೇ ಕ್ಷಣಕ್ಕೆ ಇಳಿಸಿಬಿಡುತ್ತದೆ.

ನಮ್ಮಲ್ಲೂ ಇದರ ಸಮೀಪದ ಉದಾಹರಣೆಯಿದೆ. ಬೇಲೂರಿನ ಶಿಲ್ಪವೆಂದರೆ ನಮಗೆ ಜಕಣಾಚಾರಿ ನೆನಪಾಗುತ್ತಾನೆ, ಮಗ ಡಂಕಣ ಮತ್ತು ಕಲ್ಲಿನೊಳಗಿನ ಕಪ್ಪೆ ನೆನಪಾಗುತ್ತವೆ. ಆದರೆ ಅದೇ ಗುಡಿಯ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಕೆತ್ತಿಟ್ಟುಹೋಗಿದ್ದಾರೆ. ಕಥೆಯ ಒಂದು ಹೆಸರು ಕಲ್ಲಿನ ಮೇಲಿನ ಹಲವು ಹೆಸರುಗಳನ್ನು ಮರೆಮಾಡಿತು. ಫುಸ್ತಾತ್‌ನ ಬಟ್ಟಲಿನ ಸ್ಥಿತಿ ಇನ್ನೂ ಕಷ್ಟದ್ದು. ಅದರ ಮೇಲೆ ಸ್ವಲ್ಪ ಕಾಲ ಆಳಿದವನ ಹೆಸರಿದೆಯೇ ಹೊರತು ಅದನ್ನು ಸುಟ್ಟು ತೆಗೆದವನ ಹೆಸರಲ್ಲ.

ಕುಲುಮೆಯೊಳಗೆ ಆಗುತ್ತಿದ್ದದ್ದೇನು ಎಂಬುದಕ್ಕೆ ವಿಜ್ಞಾನದ ಉತ್ತರ ಸಿಕ್ಕಿದ್ದು ಬಹಳ ಈಚೆಗೆ. ಗಾಜಿನೊಳಗೆ ಸೋಡಿಯಂ ಅಥವಾ ಪೊಟ್ಯಾಸಿಯಂ ಅಯಾನುಗಳು ಸ್ವಲ್ಪ ಸಡಿಲವಾಗಿ ಕೂತಿರುತ್ತವೆ. ಬಿಸಿಯಲ್ಲಿ ಅವು ಜಾಗ ಬಿಟ್ಟು ಹೊರಬಂದರೆ ಬೆಳ್ಳಿಯ ಅಯಾನುಗಳು ಆ ಜಾಗಕ್ಕೆ ಹೋಗುತ್ತವೆ. ಹೋದ ಬೆಳ್ಳಿಗೆ ಆಗಲೇ ಬಣ್ಣವಿರುವುದಿಲ್ಲ. ಗಾಜಿನಲ್ಲಿರುವ ಕಬ್ಬಿಣದಂಥ ಅಂಶಗಳಿಂದ ಎಲೆಕ್ಟ್ರಾನು ಪಡೆದು ಅದು ಲೋಹವಾಗಿ ಮರಳುತ್ತದೆ, ಪರಮಾಣುಗಳು ಗುಂಪುಗೂಡಿ ಕೆಲವು ನ್ಯಾನೋಮೀಟರ್‌ನಷ್ಟು ಸಣ್ಣ ಕಣಗಳಾಗುತ್ತವೆ. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್. ಇಷ್ಟು ಸಣ್ಣ ಬೆಳ್ಳಿ ಬೆಳ್ಳಗೆ ಹೊಳೆಯುವುದಿಲ್ಲ. ಬೆಳಕಿನ ನೇರಳೆ ಮತ್ತು ನೀಲಿ ಭಾಗವನ್ನು ಅದು ಹೀರಿಕೊಳ್ಳುತ್ತದೆ, ಉಳಿದು ನಮ್ಮ ಕಣ್ಣಿಗೆ ಬರುವುದು ಹಳದಿ. ಲೋಹದ ಸೂಕ್ಷ್ಮ ಕಣಗಳು ಬೆಳಕಿಗೆ ಬಣ್ಣ ಕೊಡುವುದನ್ನು ಮೈಕೆಲ್ ಫ್ಯಾರಡೆ 1857ರಲ್ಲಿ ಚಿನ್ನದ ಪ್ರಯೋಗಗಳಿಂದ ತೋರಿಸಿದ. 1908ರಲ್ಲಿ ಜರ್ಮನಿಯ ಗುಸ್ತಾವ್ ಮೀ ಅದರ ಗಣಿತವನ್ನು ಕೊಟ್ಟ. ಫುಸ್ತಾತ್‌ನ ಗಾಜುಗಾರನಿಗೆ ಈ ಗಣಿತ ಬೇಕಾಗಿರಲಿಲ್ಲ. ಫಲ ಏನೆಂದು ಅವನಿಗೆ ಗೊತ್ತಿತ್ತು, ಅದನ್ನು ಬೇಕಾದಾಗ ತರಲೂ ಗೊತ್ತಿತ್ತು.

ಇನ್ನು ಕಾರಿನ ಗಾಜಿಗೆ ಮರಳೋಣ. 1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಫ್ಲೋಟ್ ಗಾಜಿನ ವಿಧಾನವನ್ನು ಪ್ರಕಟಿಸಿತು. ಆಲಸ್ಟರ್ ಪಿಲ್ಕಿಂಗ್ಟನ್ ರೂಪಿಸಿದ ಈ ವಿಧಾನದಲ್ಲಿ ಕರಗಿದ ಗಾಜನ್ನು ಕರಗಿದ ತವರದ ಕೊಳದ ಮೇಲೆ ತೇಲಿಸುತ್ತಾರೆ. ಉಜ್ಜಿ ಪಾಲಿಶ್ ಮಾಡುವ ಕೆಲಸವೇ ಇಲ್ಲದೆ ಎರಡೂ ಮುಖ ನಯವಾಗಿ ಬರುತ್ತದೆ. ಇಂದು ಕಟ್ಟಡಗಳಿಗೂ ವಾಹನಗಳಿಗೂ ಬರುವ ಚಪ್ಪಟೆ ಗಾಜು ಬಹುಮಟ್ಟಿಗೆ ಹೀಗೇ ತಯಾರಾದದ್ದು. ಆದರೆ ತವರಕ್ಕೆ ತಾಗಿದ ಮುಖ ಒಂದಿಷ್ಟು ತವರವನ್ನು ಒಳಗೆ ಉಳಿಸಿಕೊಳ್ಳುತ್ತದೆ. ಕಣ್ಣಿಗೆ ಕಾಣದು, ಕಾರ್ಖಾನೆಗಳಲ್ಲಿ ನೇರಳಾತೀತ ದೀಪ ಹಿಡಿದು, ಮಸುಕಾಗಿ ಹೊಳೆಯುವ ಮುಖ ಯಾವುದೆಂದು ಪತ್ತೆ ಹಚ್ಚುತ್ತಾರೆ. ಆ ತವರ ಬೆಳ್ಳಿಯ ಅಯಾನಿಗೆ ಎಲೆಕ್ಟ್ರಾನು ಕೊಡುವುದರಲ್ಲಿ ಬಲು ಧಾರಾಳಿ. ಹಾಗಾಗಿ ತವರದ ಮುಖದ ಮೇಲೆ ಬೆಳ್ಳಿಯ ಗೆರೆ ಹಾಕಿದರೆ ಹಳದಿ ಗಾಢವಾಗುತ್ತದೆ, ಗಾಳಿಯ ಮುಖಕ್ಕೆ ಹಾಕಿದರೆ ಕಡಿಮೆ. ಇಂದು ಚರ್ಚಿನ ಹಳೆಯ ಕಿಟಕಿಗಳ ಶೈಲಿಯಲ್ಲಿ ಕೆಲಸ ಮಾಡುವ ಕಲಾವಿದರೂ ಫ್ಲೋಟ್ ಗಾಜು ತೆಗೆದುಕೊಂಡರೆ ತವರದ ಮುಖ ಯಾವುದೆಂದು ನೋಡಿಕೊಂಡೇ ಬೆಳ್ಳಿ ಹಚ್ಚುತ್ತಾರೆ.

ಕಾರಿನ ಉದ್ಯಮಕ್ಕೆ ಈ ಹಳದಿ ಮೊದಲಿನಿಂದಲೂ ತಲೆನೋವು. ಗಾಜಿನ ಅಂಚಿಗೆ ಕಪ್ಪು ಎನಾಮಲಿನ ಪಟ್ಟಿ ಬಂದದ್ದು ಅಂಟನ್ನು ಬಿಸಿಲಿನಿಂದ ಕಾಯಲು, ಜೊತೆಗೆ ಇಂಥವನ್ನು ಮುಚ್ಚಲು. ಬೆಳ್ಳಿ ಆ ಕಪ್ಪನ್ನೂ ದಾಟಿ ಹೊರಗೆ ಬಣ್ಣ ತೋರಿಸತೊಡಗಿದಾಗ, ಅದನ್ನು ತಡೆಯುವ ಪದಾರ್ಥಗಳನ್ನು ಎನಾಮಲಿಗೆ ಬೆರೆಸಲು ಆರಂಭಿಸಿದರು. ಇದಕ್ಕೆಂದೇ ಪೇಟೆಂಟುಗಳಿವೆ. ಬೆಳ್ಳಿಯನ್ನು ಒಳಗೆ ಇಳಿಸುವುದು ಹೇಗೆ ಎಂದು ಹಿಂದಿನವರು ತಲೆಮಾರುಗಟ್ಟಲೆ ಕಲಿತರು. ಇಳಿಯದಂತೆ ತಡೆಯುವುದು ಹೇಗೆ ಎಂದು ನಮ್ಮ ಕಾಲದವರು ಅಷ್ಟೇ ಶ್ರದ್ಧೆಯಿಂದ ಕಲಿಯುತ್ತಿದ್ದಾರೆ. ಇಬ್ಬರ ಮುಂದಿರುವ ಸಾಮಗ್ರಿಯೂ ಹೆಚ್ಚು ಬದಲಾಗಿಲ್ಲ. ಹಳೆಯ ಕಿಟಕಿಯ ಸೀಸದ ಪಟ್ಟಿಗಳನ್ನು ಕೂಡಿಸಿದ್ದು ತವರ ಮತ್ತು ಸೀಸದ ಬೆಸುಗೆ. ಡಿಫಾಗರಿನ ತುಂಡನ್ನು ಗಾಜಿಗೆ ಹಿಡಿಸಿದ್ದೂ ಬಹುಕಾಲ ಅಂಥದೇ ಬೆಸುಗೆ. ಯೂರೋಪಿನ ಒಕ್ಕೂಟ 2000ದಲ್ಲಿ ವಾಹನಗಳಲ್ಲಿ ಸೀಸಕ್ಕೆ ಕಡಿವಾಣ ಹಾಕುವ ಕಾನೂನು ತಂದಾಗಲೂ ಗಾಜಿನ ಮೇಲಿನ ಬೆಸುಗೆಗೆ ವಿನಾಯಿತಿ ಕೊಡಬೇಕಾಯಿತು. ಸೀಸ ಮೆದುವಾದ್ದರಿಂದ ಬಿಸಿ-ತಂಪಿನ ಎಳೆತಕ್ಕೆ ಗಾಜು ಬಿರಿಯದಂತೆ ಕಾಯುತ್ತದೆ.

ಕಾರಿನ ಮಾಲೀಕರು ಈ ಹಳದಿಯನ್ನು ಮೆಚ್ಚಬೇಕೆಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಡಿಫಾಗರಿನ ಕೆಲಸ ಮಬ್ಬು ತೆಗೆಯುವುದು, ಅಲ್ಲಿ ಬಣ್ಣ ಯಾರೂ ಕೇಳಿದ್ದಲ್ಲ. ಕೇಳದೆ ಬಂದದ್ದು ದೋಷ, ಬೇಕೆಂದು ತಂದದ್ದು ಕೌಶಲ. ಆ ವ್ಯತ್ಯಾಸ ನಿಜವಾದದ್ದೇ. ಆದರೆ ಆ ವ್ಯತ್ಯಾಸವನ್ನು ಮಾಡಿದವರು ಮನುಷ್ಯರು. ತಾನಾಗಿ ಆಗುವ ಒಂದು ಸಂಗತಿಯನ್ನು ಗಮನಿಸಿ, ಮತ್ತೆ ಮತ್ತೆ ಮಾಡಿ, ತಾವು ಬಯಸಿದ ಜಾಗಕ್ಕೆ ಬಯಸಿದಷ್ಟೇ ಬರುವಂತೆ ಪಳಗಿಸಿದವರು ಅವರು. ಗುಂಡಿ ಬಿದ್ದ ಕಥೆ ಅಳಿಸಿಹಾಕುವುದು ಈ ಪಳಗಿಸುವ ಕೆಲಸವನ್ನೇ. ಆಕಸ್ಮಿಕವಾಗಿ ಬೆಳ್ಳಿ ಗಾಜಿಗೆ ತಾಗಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ಬೀದಿಗಳಲ್ಲೇ ಇದೆ. ಅಲ್ಲಿ ಒಂದು ಹಳದಿ ಪಟ್ಟಿ ಆಗುತ್ತದೆ, ಕಿರೀಟವಾಗುವುದಿಲ್ಲ.

ಗಾಡಿ ಇಟ್ಟವರಿಗೆ ಕೊನೆಯಲ್ಲೊಂದು ಮಾತು. ಬೆಸುಗೆಯ ಸುತ್ತಲಿನ ಕಲೆ ದಿನೇ ದಿನೇ ಹರಡುತ್ತಿದ್ದರೆ, ಆ ಜಾಗ ಮುಟ್ಟಿದಾಗ ಬೇರೆಡೆಗಿಂತ ಹೆಚ್ಚು ಬಿಸಿಯಿದ್ದರೆ, ಬಲ್ಲ ಮೆಕ್ಯಾನಿಕ್ಕಿಗೆ ತೋರಿಸಿ. ಹೊರಗಿನಿಂದ ಕಾಣುವ, ವರ್ಷಗಳಿಂದ ಹಾಗೇ ಇರುವ ಜೇನಿನ ಬಣ್ಣವಾದರೆ ಬ್ಲೇಡು ಹಿಡಿದು ಹೆರೆಯಲು ಹೋಗಬೇಡಿ. ಒಳಗಿನಿಂದ ಹೆರೆದರೆ ಗೆರೆ ಕಿತ್ತು ಡಿಫಾಗರ್ ನಿಂತುಹೋಗುತ್ತದೆ, ಹಳದಿ ಮಾತ್ರ ಇದ್ದಲ್ಲೇ ಇರುತ್ತದೆ. ಅದು ಗಾಜಿನ ಮೇಲೆ ಇಲ್ಲ, ಗಾಜಿನೊಳಗಿದೆ.